ಪರದೇಶವಾಸದ ದಿನಗಣನೆ: ಬ್ರಿಟಿಷ್ ದೇಶೀಕರಣ ಶಾಸನದ ಒಂದು ಸಮಸ್ಯೆ

೧

ಒಂದು ದೇಶದಲ್ಲಿ ಹುಟ್ಟದೆ, ಆ ದೇಶದವರ ಸಂತಾನವೂ ಅಲ್ಲದ ವ್ಯಕ್ತಿ ಅರ್ಜಿಯ ಮೂಲಕ ಅಲ್ಲಿಯ ಪೌರತ್ವವನ್ನು ಪಡೆಯುವ ಕ್ರಮಕ್ಕೆ ದೇಶೀಕರಣವೆಂದು ಹೆಸರು. ಇದಕ್ಕಾಗಿ ಶಾಸನಗಳು ಸಾಮಾನ್ಯವಾಗಿ ಕೇಳುವ ಅರ್ಹತೆಗಳು ನಾಲ್ಕು: ಸನ್ನಡತೆ, ಭಾಷಾಜ್ಞಾನ, ನಿಷ್ಠೆಯ ಪ್ರತಿಜ್ಞೆ ಮತ್ತು ನಿಯತಕಾಲದ ವಾಸ. ಇವುಗಳಲ್ಲಿ ಕೊನೆಯದು ಮೇಲ್ನೋಟಕ್ಕೆ ಅತ್ಯಂತ ಸರಳವಾದುದು. ನಡತೆಯನ್ನು ಅಳೆಯುವುದು ಕಷ್ಟ. ನಿಷ್ಠೆಯನ್ನು ಅಳೆಯುವುದು ಅದಕ್ಕಿಂತಲೂ ಕಷ್ಟ. ವಾಸವನ್ನಾದರೋ ಪಂಚಾಂಗವನ್ನು ಮುಂದಿಟ್ಟುಕೊಂಡು ಎಣಿಸಿಬಿಡಬಹುದೆಂದು ತೋರುತ್ತದೆ.

ಆದರೆ ಮನುಷ್ಯನು ಒಂದೆಡೆ ನೆಲೆನಿಂತ ಮಾತ್ರಕ್ಕೆ ಪ್ರಯಾಣವನ್ನು ತೊರೆಯುವುದಿಲ್ಲ. ನಾವಿಕನ ಉದ್ಯೋಗವೇ ಸಮುದ್ರದ ಮೇಲೆ. ವರ್ತಕನು ಸರಕನ್ನು ಹುಡುಕಿಕೊಂಡು ಹೋಗಬೇಕು. ಹುಟ್ಟೂರಿನಲ್ಲಿ ತಾಯಿ ಹಾಸಿಗೆ ಹಿಡಿದಳೆಂಬ ಸುದ್ದಿ ಬಂದರೆ ಮಗನು ದಿನಗಳ ಲೆಕ್ಕವನ್ನು ನೋಡಿಕೊಂಡು ಹೊರಡುವುದಿಲ್ಲ. ಹೀಗೆ ಹೊರಗೆ ಕಳೆದ ದಿನಗಳು ಶಾಸನ ಒಪ್ಪಿದ ಮಿತಿಯನ್ನು ದಾಟಿದಾಗ ಅವನ ಅರ್ಜಿಯನ್ನು ಏನು ಮಾಡಬೇಕು? ತಿರಸ್ಕರಿಸಬೇಕೆ, ಮನ್ನಿಸಬೇಕೆ, ಮನ್ನಿಸುವುದಾದರೆ ಯಾವ ಆಧಾರದ ಮೇಲೆ? ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ಮುಖ್ಯವಾಗಿ ಬ್ರಿಟನ್ನಿನ ಶಾಸನೇತಿಹಾಸದ ಹಿನ್ನೆಲೆಯಲ್ಲಿ ಪರಿಶೀಲಿಸಲು ಪ್ರಯತ್ನಿಸಿದ್ದೇವೆ. ಭಾರತದ ಪೌರತ್ವ ಶಾಸನ ಬ್ರಿಟಿಷ್ ಶಾಸನದ ಅಚ್ಚಿನಲ್ಲಿಯೇ ಮೂಡಿದುದಾದುದರಿಂದ ನಮ್ಮ ಓದುಗರಿಗೆ ಈ ವಿಷಯ ದೂರದ್ದೇನೂ ಅಲ್ಲ.

೨

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ವಿದೇಶೀಯನೊಬ್ಬನು ಪೂರ್ಣ ಪ್ರಜೆಯಾಗಬೇಕಾದರೆ ಅವನ ಹೆಸರಿನಲ್ಲಿಯೇ ಪಾರ್ಲಿಮೆಂಟು ಒಂದು ಖಾಸಗಿ ಕಾಯಿದೆಯನ್ನು ಮಾಡಬೇಕಾಗಿದ್ದಿತು. ಇದು ಶ್ರೀಮಂತರಿಗೆ ಮಾತ್ರ ಸಾಧ್ಯವಾದ ಮಾರ್ಗ. ಅಮೆರಿಕದ ವಸಾಹತುಗಳಲ್ಲಿ ಜನಸಂಖ್ಯೆಯನ್ನು ಬೆಳೆಸುವ ಉದ್ದೇಶದಿಂದ ೧೭೪೦ರಲ್ಲಿ ಜಾರಿಗೆ ಬಂದ ಕಾಯಿದೆ ಇದಕ್ಕೆ ಭಿನ್ನವಾದ ದಾರಿಯನ್ನು ತೆರೆಯಿತು. ಅದರಂತೆ ವಸಾಹತುಗಳಲ್ಲಿ ಏಳು ವರ್ಷ ವಾಸಿಸಿದ ವಿದೇಶೀಯನು ಅಲ್ಲಿಯ ನ್ಯಾಯಾಲಯದ ಮುಂದೆ ಪ್ರಮಾಣ ಮಾಡಿ ಪ್ರಜೆಯಾಗಬಹುದಾಗಿದ್ದಿತು. ಆದರೆ ಆ ಏಳು ವರ್ಷಗಳಲ್ಲಿ ಯಾವುದೇ ಒಂದು ಸಲ ಎರಡು ತಿಂಗಳಿಗಿಂತ ಹೆಚ್ಚು ಕಾಲ ಅವನು ವಸಾಹತುಗಳಿಂದ ಹೊರಗಿರಕೂಡದೆಂದು ಷರತ್ತು ವಿಧಿಸಲಾಗಿದ್ದಿತು.

ಈ ಷರತ್ತಿನ ಸ್ವರೂಪವನ್ನು ಗಮನಿಸುವುದು ಅವಶ್ಯಕ. ಏಳು ವರ್ಷಗಳಲ್ಲಿ ಒಟ್ಟು ಎಷ್ಟು ದಿನ ಹೊರಗಿರಬಹುದೆಂದು ಕಾಯಿದೆ ಹೇಳಲಿಲ್ಲ. ಒಂದು ಪ್ರಯಾಣ ಎಷ್ಟು ದೀರ್ಘವಾಗಿರಬಹುದೆಂದು ಮಾತ್ರ ಹೇಳಿತು. ಒಂದು ವಸಾಹತಿನಿಂದ ಮತ್ತೊಂದಕ್ಕೆ ಹೋಗುವುದು ಹೊರವಾಸವೆನಿಸುತ್ತಿರಲಿಲ್ಲ. ಆದುದರಿಂದ ನ್ಯೂಯಾರ್ಕಿನ ವರ್ತಕನು ವರ್ಷದಲ್ಲಿ ಹಲವು ಬಾರಿ ಚಾರ್ಲ್ಸ್‌ಟನ್ನಿಗೆ ಹೋಗಿಬಂದರೂ ಅವನ ಅರ್ಹತೆಗೆ ಭಂಗ ಬರುತ್ತಿರಲಿಲ್ಲ. ಆದರೆ ಹಾಯಿಹಡಗಿನ ಆ ಕಾಲದಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಯೂರೋಪನ್ನು ಮುಟ್ಟಿ ಎರಡು ತಿಂಗಳಲ್ಲಿ ಹಿಂದಿರುಗುವುದು ಸಾಮಾನ್ಯವಾಗಿ ಅಸಾಧ್ಯವಾಗಿದ್ದಿತು. ಅಂದರೆ ಹೊಸ ನಾಡಿನೊಳಗಿನ ಓಡಾಟಕ್ಕೆ ಅಡ್ಡಿಯಿಲ್ಲ, ಹಳೆಯ ನಾಡಿಗೆ ಹಿಂದಿರುಗುವಂತಿಲ್ಲ ಎಂಬುದೇ ಷರತ್ತಿನ ಒಳಗಿನ ಅರ್ಥ.

ಅದೇ ವರ್ಷದ ಮತ್ತೊಂದು ಕಾಯಿದೆ ಯುದ್ಧಕಾಲದಲ್ಲಿ ಬ್ರಿಟಿಷ್ ಹಡಗುಗಳಲ್ಲಿ ಎರಡು ವರ್ಷ ಸೇವೆ ಸಲ್ಲಿಸಿದ ವಿದೇಶೀ ನಾವಿಕರಿಗೂ ಪ್ರಜೆಗಳ ಸ್ಥಾನವನ್ನು ನೀಡಿತು. ನೆಲದ ಮೇಲಿನ ವಾಸಕ್ಕೆ ಬದಲಾಗಿ ಸೇವೆಯನ್ನು ಗಣನೆಗೆ ತೆಗೆದುಕೊಳ್ಳುವ ಪದ್ಧತಿ ಇಲ್ಲಿ ಕಂಡುಬರುತ್ತದೆ. ರಾಜ್ಯದ ಕೆಲಸಕ್ಕಾಗಿ ಹೊರಗಿದ್ದವನು ಹೊರಗಿದ್ದವನಲ್ಲ ಎಂಬ ಈ ಭಾವನೆ ಮುಂದೆ ಬ್ರಿಟಿಷ್ ಶಾಸನದಲ್ಲಿ ಸ್ಥಿರವಾಗಿ ನಿಂತಿತು.

ವರ್ಷಗಳ ಎಣಿಕೆ ಪೂರ್ಣವಾದ ಮಾತ್ರಕ್ಕೆ ಕಾರ್ಯ ಕೈಗೂಡುತ್ತಿರಲಿಲ್ಲವೆಂಬುದಕ್ಕೂ ಆ ಕಾಲದ ನಿದರ್ಶನವಿದೆ. ಪೋರ್ಚುಗಲ್ಲಿನಲ್ಲಿ ಹುಟ್ಟಿ ನ್ಯೂಪೋರ್ಟಿನಲ್ಲಿ ನೆಲೆಸಿದ್ದ ಯೆಹೂದಿ ವರ್ತಕ ಏರನ್ ಲೋಪೆಜನ ಅರ್ಜಿಯನ್ನು ರೋಡ್ ಐಲೆಂಡ್ ವಸಾಹತಿನ ನ್ಯಾಯಾಲಯ ೧೭೬೨ರಲ್ಲಿ ತಿರಸ್ಕರಿಸಿತು. ಕಾಯಿದೆ ಯೆಹೂದಿಗಳಿಗೆ ಸ್ಪಷ್ಟವಾಗಿಯೇ ಅವಕಾಶವಿತ್ತಿದ್ದರೂ ಹೀಗಾಯಿತು. ಅವನು ಅದೇ ವರ್ಷ ನೆರೆಯ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ ಅರ್ಜಿ ಸಲ್ಲಿಸಿ ಪ್ರಜೆಯಾದನು.

೩

ಮಿತಿಮೀರಿದ ದಿನಗಳನ್ನು ನಿಭಾಯಿಸುವ ಅತ್ಯಂತ ಕಠೋರವಾದ ವಿಧಾನ ಯಾವುದೆಂಬುದನ್ನು ತಿಳಿಯಬೇಕಾದರೆ ಸ್ವಲ್ಪಕಾಲ ಬ್ರಿಟನ್ನಿನಿಂದ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಕಡೆಗೆ ತಿರುಗಬೇಕು. ಬ್ರಿಟನ್ನಿನೊಡನೆ ಯುದ್ಧ ನಡೆಯುತ್ತಿದ್ದಾಗ, ೧೮೧೩ರ ಮಾರ್ಚಿಯಲ್ಲಿ, ನಾವಿಕರ ನೇಮಕವನ್ನು ಕುರಿತು ಅಲ್ಲಿಯ ಕಾಂಗ್ರೆಸ್ಸು ಒಂದು ಕಾಯಿದೆಯನ್ನು ಮಾಡಿತು. ಅಂದಿನಿಂದ ಪೌರತ್ವವನ್ನು ಬಯಸಿ ಬರುವವನು ಐದು ವರ್ಷ ನಿರಂತರವಾಗಿ ದೇಶದಲ್ಲಿ ವಾಸಿಸಬೇಕು. ಆ ಅವಧಿಯಲ್ಲಿ ಯಾವ ಸಮಯದಲ್ಲಿಯೂ ದೇಶದ ಎಲ್ಲೆಯನ್ನು ದಾಟಿರಬಾರದು ಎಂದು ಅದರಲ್ಲಿ ವಿಧಿಸಲಾಯಿತು. ಇಲ್ಲಿ ಅನುಮತಿಸಿದ ದಿನಗಳ ಸಂಖ್ಯೆ ಸೊನ್ನೆ. ಅಕ್ಷರಶಃ ಅರ್ಥಮಾಡಿದರೆ, ಕೆನಡಾದ ಗಡಿಯಾಚೆಗಿನ ಸಂತೆಗೆ ಒಂದು ಮಧ್ಯಾಹ್ನ ಹೋಗಿಬಂದ ರೈತನೂ ತನ್ನ ಐದು ವರ್ಷಗಳನ್ನು ಕಳೆದುಕೊಳ್ಳಬೇಕಾಗಿದ್ದಿತು.

ಎಲ್ಲೆಯನ್ನು ದಾಟಬಾರದೆಂಬ ಆ ಮಾತುಗಳನ್ನು ೧೮೪೮ರಲ್ಲಿ ರದ್ದುಗೊಳಿಸಲಾಯಿತು. ಮೂವತ್ತೈದು ವರ್ಷಗಳ ಈ ಪ್ರಯೋಗದಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹೊರವಾಸಕ್ಕೆ ಯಾವ ಅವಕಾಶವನ್ನೂ ಕೊಡದ ನಿಯಮ ನೋಡಲು ನಿರ್ದುಷ್ಟವಾಗಿರಬಹುದು. ಆದರೆ ಅದು ನೆಲೆಸಿದವನನ್ನೂ ಬಂದುಹೋಗುವವನನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುತ್ತದೆ.

೪

ಮತ್ತೆ ಬ್ರಿಟನ್ನಿನ ಕಡೆಗೆ ಬರೋಣ. ೧೮೪೪ರ ಕಾಯಿದೆ ಖಾಸಗಿ ಕಾಯಿದೆಯ ಅಗತ್ಯವನ್ನು ತಪ್ಪಿಸಿ, ಪ್ರಮಾಣಪತ್ರದ ಮೂಲಕ ದೇಶೀಕರಣಗೊಳಿಸುವ ಅಧಿಕಾರವನ್ನು ಸರ್ಕಾರದ ಕಾರ್ಯದರ್ಶಿಗೆ, ಎಂದರೆ ವ್ಯವಹಾರದಲ್ಲಿ ಗೃಹಸಚಿವನಿಗೆ, ಒಪ್ಪಿಸಿತು. ಎಷ್ಟು ವರ್ಷ ವಾಸಿಸಿರಬೇಕೆಂದು ಅದು ಗೊತ್ತುಮಾಡಲಿಲ್ಲ. ೧೮೭೦ರ ಕಾಯಿದೆ ಐದು ವರ್ಷಗಳ ವಾಸವನ್ನಾಗಲಿ ಐದು ವರ್ಷಗಳ ರಾಜಸೇವೆಯನ್ನಾಗಲಿ ಕೇಳಿತು; ಪ್ರಮಾಣಪತ್ರ ಪಡೆದ ಮೇಲೆಯೂ ದೇಶದಲ್ಲಿ ವಾಸಿಸುವ ಅಥವಾ ಸೇವೆಯಲ್ಲಿ ಮುಂದುವರಿಯುವ ಉದ್ದೇಶವಿರಬೇಕೆಂದಿತು. ೧೯೧೪ರ ಕಾಯಿದೆ ಹಿಂದಿನ ಎಂಟು ವರ್ಷಗಳಲ್ಲಿ ಐದು ವರ್ಷ ಸಾಮ್ರಾಜ್ಯದಲ್ಲಿ, ಅದರಲ್ಲಿ ಕೊನೆಯ ಒಂದು ವರ್ಷ ಬ್ರಿಟನ್ನಿನಲ್ಲಿ ವಾಸಿಸಿರಬೇಕೆಂದು ನಿಯಮಿಸಿತು. ೧೯೪೮ರ ಕಾಯಿದೆ ಇದನ್ನು ಸ್ವಲ್ಪ ಬದಲಿಸಿ, ಅರ್ಜಿಗೆ ಮುಂಚಿನ ಹನ್ನೆರಡು ತಿಂಗಳ ಪೂರ್ಣವಾಸವನ್ನೂ ಅದಕ್ಕೂ ಹಿಂದಿನ ಏಳು ವರ್ಷಗಳಲ್ಲಿ ಒಟ್ಟು ನಾಲ್ಕು ವರ್ಷಗಳ ವಾಸವನ್ನೂ ಕೇಳಿತು.

ಈ ನೂರು ವರ್ಷಗಳ ಶಾಸನಗಳಲ್ಲಿ ಹೊರಗಿರಬಹುದಾದ ದಿನಗಳ ಸಂಖ್ಯೆ ಎಲ್ಲಿಯೂ ಬರುವುದಿಲ್ಲವೆಂಬುದು ಗಮನಾರ್ಹ. ಎಂಟು ವರ್ಷಗಳಲ್ಲಿ ಐದು ವರ್ಷವೆಂದರೆ ಮೂರು ವರ್ಷಗಳ ಸಡಿಲಿಕೆ ನಿಯಮದಲ್ಲಿಯೇ ಅಡಗಿದ್ದಿತು. ಇದಲ್ಲದೆ 'ವಾಸ' ಎಂಬ ಮಾತು ದೇಹ ಇದ್ದೆಡೆಯನ್ನಷ್ಟೇ ಸೂಚಿಸುವುದಲ್ಲ. ಮನೆಯನ್ನು ಮಾಡಿಕೊಂಡು ಬದುಕುವ ಸ್ಥಳವನ್ನು ಸೂಚಿಸುತ್ತದೆ. ಮನೆಗೆ ಬೀಗ ಹಾಕಿ ತಿಂಗಳೊಪ್ಪತ್ತು ಪರಸ್ಥಳಕ್ಕೆ ಹೋದವನು ತನ್ನ ಊರಿನ ವಾಸಿಯಾಗಿಯೇ ಉಳಿಯುತ್ತಾನೆ.

ಆದರೆ ಈ ಔದಾರ್ಯಕ್ಕೆ ಇನ್ನೊಂದು ಮುಖವಿದ್ದಿತು. ೧೮೭೦ರ ಕಾಯಿದೆಯ ಪ್ರಕಾರ ಗೃಹಸಚಿವನು ಕಾರಣ ಹೇಳಿಯಾಗಲಿ ಹೇಳದೆಯಾಗಲಿ ಅರ್ಜಿಯನ್ನು ತಿರಸ್ಕರಿಸಬಹುದಾಗಿದ್ದಿತು. ಅದರ ಮೇಲೆ ಮೇಲ್ಮನವಿ ಇರಲಿಲ್ಲ. ಕಾರ್ಲ್ ಮಾರ್ಕ್ಸನ ಪ್ರಸಂಗ ಇಲ್ಲಿ ಸ್ಮರಣೀಯ. ೧೮೪೯ರಿಂದ ಲಂಡನ್ನಿನಲ್ಲಿ ವಾಸವಾಗಿದ್ದ ಮಾರ್ಕ್ಸನು ೧೮೭೪ರ ಆಗಸ್ಟಿನಲ್ಲಿ ದೇಶೀಕರಣಕ್ಕೆ ಅರ್ಜಿ ಸಲ್ಲಿಸಿದನು. ಚಿಕಿತ್ಸೆಗಾಗಿ ಆಸ್ಟ್ರಿಯದ ಆಳ್ವಿಕೆಯಲ್ಲಿದ್ದ ಕಾರ್ಲ್ಸ್‌ಬಾಡಿಗೆ ಹೋಗಬೇಕಾಗಿದ್ದ ಅವನಿಗೆ ಪ್ರಯಾಣದಲ್ಲಿ ಬ್ರಿಟಿಷ್ ಪ್ರಜೆಯ ರಕ್ಷಣೆ ಬೇಕಾಗಿದ್ದಿತು. ವಾಸದ ವಿಷಯದಲ್ಲಿ ಅವನಿಗೆ ಯಾವ ಕೊರತೆಯೂ ಇರಲಿಲ್ಲ; ಐದು ವರ್ಷ ಬೇಕಾದಲ್ಲಿ ಇಪ್ಪತ್ತೈದು ವರ್ಷಗಳಿದ್ದುವು. ಆದರೂ ಪೊಲೀಸರ ಪ್ರತಿಕೂಲ ವರದಿಯ ಮೇಲೆ ಅರ್ಜಿ ತಿರಸ್ಕೃತವಾಯಿತು. ಕಾರಣವನ್ನು ಅವನಿಗೆ ತಿಳಿಸಲಿಲ್ಲ. ಕೊರತೆಯನ್ನು ಮನ್ನಿಸಬಲ್ಲ ಕೈಯೇ ಪೂರ್ಣತೆಯನ್ನೂ ನಿರಾಕರಿಸಬಲ್ಲುದೆಂಬುದು ಇದರಿಂದ ಸಿದ್ಧವಾಗುತ್ತದೆ. ಕಾರಣ ಹೇಳಬೇಕಾಗಿಲ್ಲವೆಂಬ ಈ ವಿನಾಯತಿ ೨೦೦೨ರ ಕಾಯಿದೆಯವರೆಗೂ ಬ್ರಿಟಿಷ್ ಶಾಸನದಲ್ಲಿ ಯಾವುದಾದರೊಂದು ರೂಪದಲ್ಲಿ ಉಳಿದುಕೊಂಡು ಬಂದಿತು.

೫

ಈ ವ್ಯವಸ್ಥೆಯಲ್ಲಿ ಕನ್ನಡಿಗರ ಸ್ಥಾನವೇನಾಗಿದ್ದಿತೆಂಬುದನ್ನು ಸಂಕ್ಷೇಪವಾಗಿ ನೋಡಬಹುದು. ಸ್ವಾತಂತ್ರ್ಯಪೂರ್ವದಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ ಧಾರವಾಡದಲ್ಲಿ, ಮದರಾಸು ಪ್ರಾಂತಕ್ಕೆ ಸೇರಿದ ಬಳ್ಳಾರಿ ಮಂಗಳೂರುಗಳಲ್ಲಿ ಹುಟ್ಟಿದವರು ಜನ್ಮತಃ ಬ್ರಿಟಿಷ್ ಪ್ರಜೆಗಳು. ಮೈಸೂರು ಸಂಸ್ಥಾನದಲ್ಲಿ ಹುಟ್ಟಿದವರಾದರೋ ಮಹಾರಾಜರ ಪ್ರಜೆಗಳು. ಬ್ರಿಟಿಷ್ ನ್ಯಾಯದೃಷ್ಟಿಯಲ್ಲಿ ರಕ್ಷಿತ ವ್ಯಕ್ತಿಗಳು ಮಾತ್ರ. ಒಂದೇ ಭಾಷೆಯನ್ನಾಡುವ ಜನ ತುಂಗಭದ್ರೆಯ ಎರಡು ದಡಗಳಲ್ಲಿ ಎರಡು ಬೇರೆ ಬೇರೆ ಅಂತಸ್ತುಗಳನ್ನು ಹೊಂದಿದ್ದರು.

೧೯೪೮ರ ಕಾಯಿದೆಯ ಬಳಿಕ ಭಾರತದ ಪೌರರು ಕಾಮನ್‌ವೆಲ್ತಿನ ಪೌರರೆಂದು ಪರಿಗಣಿತರಾದರು. ಬ್ರಿಟನ್ನಿನಲ್ಲಿ ನೆಲೆಸಿದವರಿಗೆ ದೇಶೀಕರಣದ ಅಗತ್ಯವಿರಲಿಲ್ಲ. ಒಂದು ವರ್ಷ ಅಲ್ಲಿ 'ಸಾಮಾನ್ಯವಾಗಿ ವಾಸಿ'ಗಳಾಗಿದ್ದರೆ ನೋಂದಣಿಯ ಮೂಲಕ ಪೌರತ್ವ ದೊರೆಯುತ್ತಿದ್ದಿತು. ಈ ಅವಧಿಯನ್ನು ೧೯೬೨ರಲ್ಲಿ ಐದು ವರ್ಷಗಳಿಗೆ ಏರಿಸಲಾಯಿತು. 'ಸಾಮಾನ್ಯ ವಾಸ'ವೆಂದರೇನೆಂಬುದನ್ನು ೧೯೮೨ರ ಡಿಸೆಂಬರಿನಲ್ಲಿ, ವಿದ್ಯಾರ್ಥಿವೇತನದ ಒಂದು ಮೊಕದ್ದಮೆಯಲ್ಲಿ, ಪ್ರಭುಸಭೆಯ ನ್ಯಾಯಮೂರ್ತಿ ಲಾರ್ಡ್ ಸ್ಕಾರ್ಮನ್ ವಿವರಿಸಿದರು. ಸ್ವಇಚ್ಛೆಯಿಂದ, ನಿಶ್ಚಿತವಾದ ಉದ್ದೇಶದಿಂದ, ಜೀವನದ ನಿತ್ಯಕ್ರಮದ ಭಾಗವಾಗಿ ಆರಿಸಿಕೊಂಡ ನೆಲೆಯೇ ಸಾಮಾನ್ಯ ವಾಸವೆಂಬುದು ಅವರ ನಿರ್ಣಯದ ಸಾರ. ತಾತ್ಕಾಲಿಕವಾದ ಹೊರವಾಸದಿಂದ ಅದಕ್ಕೆ ಭಂಗ ಬರುವುದಿಲ್ಲ. ವಾಸವನ್ನು ಕುರಿತ ಈ ಉದಾರವಾದ ವ್ಯಾಖ್ಯಾನ ಹೊರಬಿದ್ದ ಕೆಲವೇ ದಿನಗಳಲ್ಲಿ, ಎಂದರೆ ೧೯೮೩ರ ಜನವರಿ ೧ರಂದು, ದಿನಗಳನ್ನು ಎಣಿಸುವ ಹೊಸ ಕಾಯಿದೆ ಜಾರಿಗೆ ಬಂದುದು ಇತಿಹಾಸದ ಒಂದು ವೈಚಿತ್ರ್ಯ.

೬

ಬ್ರಿಟಿಷ್ ರಾಷ್ಟ್ರೀಯತೆಯ ೧೯೮೧ರ ಕಾಯಿದೆಯೇ ಇದು. ಕಾಮನ್‌ವೆಲ್ತಿನವರಿಗೂ ಇತರ ವಿದೇಶೀಯರಿಗೂ ಇನ್ನು ಮುಂದೆ ದೇಶೀಕರಣವೊಂದೇ ಸಾಮಾನ್ಯ ಮಾರ್ಗವೆಂದು ಅದು ಗೊತ್ತುಮಾಡಿತು. ಮೊದಲೇ ನೆಲೆಸಿದ್ದವರಿಗೆ ೧೯೮೭ರ ಅಂತ್ಯದವರೆಗೆ ಹಳೆಯ ಹಕ್ಕನ್ನು ಬಳಸಿಕೊಳ್ಳಲು ಕಾಲಾವಕಾಶವಿದ್ದಿತು. ಹೊಸ ನಿಯಮ ಹೀಗಿದೆ: ಅರ್ಜಿಯ ದಿನಕ್ಕೆ ಮುಗಿಯುವ ಐದು ವರ್ಷಗಳ ಆರಂಭದಲ್ಲಿ ಅರ್ಜಿದಾರನು ಬ್ರಿಟನ್ನಿನಲ್ಲಿರಬೇಕು, ಆ ಐದು ವರ್ಷಗಳಲ್ಲಿ ಹೊರಗಿದ್ದ ದಿನಗಳು ೪೫೦ನ್ನು ಮೀರಬಾರದು, ಕೊನೆಯ ಹನ್ನೆರಡು ತಿಂಗಳಲ್ಲಿ ೯೦ನ್ನು ಮೀರಬಾರದು. ಬ್ರಿಟಿಷ್ ಪೌರರನ್ನು ವಿವಾಹವಾದವರಿಗೆ ಅವಧಿ ಮೂರು ವರ್ಷ, ಮಿತಿ ೨೭೦ ದಿನ. ಕೊನೆಯ ವರ್ಷದ ಮಿತಿ ಅವರಿಗೂ ೯೦ ದಿನವೇ.

ಹೊರಡುವ ದಿನವನ್ನೂ ಮರಳುವ ದಿನವನ್ನೂ ಹೊರವಾಸವೆಂದು ಎಣಿಸುವುದಿಲ್ಲ. ಮಾರ್ಚಿ ೧ರಂದು ಹೊರಟು ೩೧ರಂದು ಹಿಂದಿರುಗಿದವನ ಖಾತೆಗೆ ಬೀಳುವುದು ೨೯ ದಿನ ಮಾತ್ರ. ಐದು ವರ್ಷಗಳ ಅವಧಿ ಅರ್ಜಿಯ ದಿನದಿಂದ ಹಿಂದಕ್ಕೆ ಎಣಿಸತಕ್ಕುದಾದುದರಿಂದ, ಅರ್ಜಿಯನ್ನು ಕೆಲವು ತಿಂಗಳು ತಡೆದರೆ ಹಳೆಯ ಪ್ರಯಾಣವೊಂದು ಲೆಕ್ಕದಿಂದ ಜಾರಿಹೋಗುವುದೂ ಉಂಟು. ಮಿತಿಮೀರಿದ ದಿನಗಳಿಗೆ ಇದೇ ಸುಲಭವಾದ ಪರಿಹಾರ. ಆದರೆ ಎಣಿಕೆ ಮೊದಲಾಗುವ ಆ ಒಂದು ದಿನ ತಾನು ದೇಶದಲ್ಲಿ ಇದ್ದೆನೆಂಬುದನ್ನು ಅರ್ಜಿದಾರನು ಖಚಿತಪಡಿಸಿಕೊಳ್ಳಬೇಕು.

ಕಾಯುವುದು ಸಾಧ್ಯವಿಲ್ಲದವರಿಗಾಗಿ ಕಾಯಿದೆಯ ಮೊದಲನೆಯ ಅನುಸೂಚಿ ಒಂದು ಬಾಗಿಲನ್ನು ತೆರೆದಿಟ್ಟಿದೆ. ಪ್ರಕರಣದ ವಿಶೇಷ ಸಂದರ್ಭಗಳನ್ನು ನೋಡಿ, ದಿನಗಳು ಮಿತಿಮೀರಿದ್ದರೂ ಷರತ್ತು ಪೂರೈಸಿದೆಯೆಂದು ಗೃಹಸಚಿವರು ಭಾವಿಸಬಹುದು. ಶಾಸನ ಹೇಳುವುದು ಇಷ್ಟೇ. ಉಳಿದುದನ್ನು ಗೃಹಖಾತೆಯ ಮಾರ್ಗಸೂಚಿಗಳು ಹೇಳುತ್ತವೆ. ಅವುಗಳ ಪ್ರಕಾರ ಒಟ್ಟು ದಿನಗಳು ೪೮೦ರ ಒಳಗಿದ್ದರೆ ಸಾಮಾನ್ಯವಾಗಿ ಮನ್ನಣೆ ದೊರೆಯುತ್ತದೆ. ಅದಕ್ಕೂ ಮೇಲ್ಪಟ್ಟರೆ ಅರ್ಜಿದಾರನ ಮನೆ, ಸಂಸಾರ, ಆಸ್ತಿಯ ಬಹುಭಾಗ ಬ್ರಿಟನ್ನಿನಲ್ಲಿರಬೇಕು. ಇದರೊಡನೆ, ೭೩೦ ದಿನಗಳವರೆಗಿನ ಹೊರವಾಸಕ್ಕೆ ಐದರ ಬದಲು ಏಳು ವರ್ಷಗಳ, ೯೦೦ ದಿನಗಳವರೆಗಿನದಕ್ಕೆ ಎಂಟು ವರ್ಷಗಳ ವಾಸವನ್ನು ನಿರೀಕ್ಷಿಸಲಾಗುತ್ತದೆ. ಇಷ್ಟು ದೀರ್ಘವಾಸವಿಲ್ಲದಿದ್ದರೆ ಹೊರವಾಸಕ್ಕೆ ತಕ್ಕ ಕಾರಣವಿರಬೇಕು: ರಾಜಸೇವೆ, ನಾವಿಕನ ಉದ್ಯೋಗದಂತೆ ಪ್ರಯಾಣವನ್ನು ತಪ್ಪಿಸಲಾಗದ ವೃತ್ತಿ, ಅಥವಾ ಅನುಕಂಪಕ್ಕೆ ಅರ್ಹವಾದ ಬಲವಾದ ನಿಮಿತ್ತ. ಕೊನೆಯ ವರ್ಷದಲ್ಲಿ ೧೦೦ ದಿನಗಳವರೆಗೆ ಸಾಮಾನ್ಯವಾಗಿ ಮನ್ನಣೆಯುಂಟು. ಅನಂತರದ ದಿನಗಳಿಗೆ ಪರಿಶೀಲನೆ ಹೆಚ್ಚುಹೆಚ್ಚು ಬಿಗಿಯಾಗುತ್ತದೆ.

ಈ ಪಟ್ಟಿಯಲ್ಲಿ ಹೊಸದೇನಿದೆ? ರಾಜಸೇವೆಯೂ ನಾವಿಕನೂ ೧೭೪೦ರಿಂದ ಪರಿಚಿತರು. ಮನೆ, ಸಂಸಾರ, ಆಸ್ತಿ ಎಲ್ಲಿವೆಯೆಂಬ ವಿಚಾರಣೆ ಲಾರ್ಡ್ ಸ್ಕಾರ್ಮನ್ ವಿವರಿಸಿದ 'ಸಾಮಾನ್ಯ ವಾಸ'ದ ವಿಚಾರಣೆಯೇ. ಎಂಟು ವರ್ಷವೆಂಬ ಅವಧಿ ೧೯೧೪ರ ಕಾಯಿದೆಯನ್ನು ನೆನಪಿಗೆ ತರುತ್ತದೆ. ಸಂಖ್ಯೆಯ ಮುಂಬಾಗಿಲಿನಿಂದ ಹೊರಗೆ ಕಳುಹಿಸಿದ ಹಳೆಯ ಭಾವನೆಯನ್ನು ಶಾಸನ ವಿವೇಚನೆಯ ಹಿತ್ತಲ ಬಾಗಿಲಿನಿಂದ ಒಳಗೆ ಕರೆದುಕೊಂಡಿದೆಯೆಂದೇ ನಾವು ಭಾವಿಸುತ್ತೇವೆ.

೭

ಆದರೆ ಮೊನ್ನೆಯವರೆಗೂ ಈ ವಿವೇಚನೆಗೆ ಎಟುಕದ ಒಂದು ಷರತ್ತು ಉಳಿದಿದ್ದಿತು. ಐದು ವರ್ಷಗಳ ಆರಂಭದ ದಿನ ದೇಶದಲ್ಲಿರಬೇಕೆಂಬ ನಿಯಮವನ್ನು ಮನ್ನಿಸುವ ಅಧಿಕಾರವನ್ನು ಶಾಸನ ಗೃಹಸಚಿವರಿಗೆ ಕೊಟ್ಟಿರಲಿಲ್ಲ. ಇದರ ಪರಿಣಾಮವನ್ನು ಅನುಭವಿಸಿದವರು ವಿಂಡ್ರಶ್ ಪೀಳಿಗೆಯವರು. 'ಎಂಪೈರ್ ವಿಂಡ್ರಶ್' ಎಂಬ ಹಡಗು ೧೯೪೮ರ ಜೂನಿನಲ್ಲಿ ಟಿಲ್ಬರಿ ಬಂದರನ್ನು ಮುಟ್ಟಿದುದರಿಂದ, ಯುದ್ಧಾನಂತರ ಕಾಮನ್‌ವೆಲ್ತಿನ ನಾಡುಗಳಿಂದ ನ್ಯಾಯಬದ್ಧವಾಗಿ ಬಂದು ನೆಲೆಸಿದವರಿಗೆ ಈ ಹೆಸರು ಬಂದಿತು. ದಶಕಗಳ ಕಾಲ ಅಲ್ಲಿಯೇ ದುಡಿದು ಬದುಕಿದ ಇವರಲ್ಲಿ ಕೆಲವರು, ಸಾಕಷ್ಟು ದಾಖಲೆಗಳಿಲ್ಲವೆಂಬ ಕಾರಣದಿಂದ, ವಿದೇಶಕ್ಕೆ ಹೋದವರು ಹಿಂದಿರುಗಲಾರದೆ ಉಳಿದರು. ಈ ಅನ್ಯಾಯ ೨೦೧೮ರಲ್ಲಿ ದೇಶಕ್ಕೆಲ್ಲ ತಿಳಿದು ಸರ್ಕಾರ ಕ್ಷಮೆ ಕೇಳಬೇಕಾಯಿತು.

ಹೀಗೆ ಮರಳಿ ಬಂದವರಲ್ಲಿ ಇಬ್ಬರು ಪೌರತ್ವಕ್ಕೆ ಅರ್ಜಿ ಸಲ್ಲಿಸಿದಾಗ, ಐದು ವರ್ಷಗಳ ಹಿಂದಿನ ಆ ದಿನ ನೀವು ದೇಶದಲ್ಲಿರಲಿಲ್ಲವೆಂಬ ಉತ್ತರ ಬಂದಿತು. ಅವರು ಇರಲಿಲ್ಲವೆಂಬುದು ನಿಜ; ಬರಲು ಬಿಡಲಿಲ್ಲವಾದುದರಿಂದ ಇರಲಿಲ್ಲವೆಂಬುದು ಅಷ್ಟೇ ನಿಜ. ೨೦೨೧ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಉಚ್ಚ ನ್ಯಾಯಾಲಯ, ನಿಯಮವನ್ನು ಇಂಥವರಿಗೆ ಹೀಗೆ ಅನ್ವಯಿಸುವುದು ಮಾನವಹಕ್ಕುಗಳಿಗೆ ವಿರುದ್ಧವೆಂದು ತೀರ್ಪಿತ್ತಿತು. ೨೦೨೨ರ ಕಾಯಿದೆ ಆ ಷರತ್ತನ್ನೂ ವಿಶೇಷ ಸಂದರ್ಭಗಳಲ್ಲಿ ಮನ್ನಿಸುವ ಅಧಿಕಾರವನ್ನು ನೀಡಿತು. ಹೊರವಾಸಕ್ಕೆ ರಾಜ್ಯವೇ ಕಾರಣವಾದಾಗ ಅದರ ಹೊಣೆಯನ್ನು ಅರ್ಜಿದಾರನ ಮೇಲೆ ಹೊರಿಸುವುದು ನ್ಯಾಯವೆನಿಸಲಾರದು. ೧೯೮೧ರ ಕಾಯಿದೆ ಜಾರಿಗೆ ಬಂದು ಸುಮಾರು ನಲವತ್ತು ವರ್ಷಗಳಾದ ಮೇಲೆ ಶಾಸನ ಇದನ್ನು ಒಪ್ಪಿಕೊಂಡಂತಾಯಿತು.

೮

ಭಾರತದ ೧೯೫೫ರ ಪೌರತ್ವ ಅಧಿನಿಯಮದ ಮೂರನೆಯ ಅನುಸೂಚಿ ಬ್ರಿಟನ್ನಿನ ೧೯೪೮ರ ಮಾದರಿಯನ್ನು ಅನುಸರಿಸಿತು: ಹನ್ನೆರಡು ತಿಂಗಳ ಪೂರ್ಣವಾಸ, ಅದರ ಹಿಂದಿನ ಏಳು ವರ್ಷಗಳಲ್ಲಿ ನಾಲ್ಕು ವರ್ಷ. ೧೯೮೬ರಲ್ಲಿ ಇದು ಹನ್ನೆರಡು ವರ್ಷಗಳಲ್ಲಿ ಒಂಬತ್ತು, ೨೦೦೩ರ ತಿದ್ದುಪಡಿಯಿಂದ ಹದಿನಾಲ್ಕು ವರ್ಷಗಳಲ್ಲಿ ಹನ್ನೊಂದು ಎಂದು ಬೆಳೆಯಿತು. ೨೦೧೯ರ ತಿದ್ದುಪಡಿ ಅಫ್ಘಾನಿಸ್ತಾನ, ಬಾಂಗ್ಲಾದೇಶ, ಪಾಕಿಸ್ತಾನಗಳಿಂದ ಬಂದ ಆರು ಸಮುದಾಯಗಳವರಿಗೆ ಹನ್ನೊಂದನ್ನು ಐದಕ್ಕೆ ಇಳಿಸಿತು. ಹದಿನಾಲ್ಕರಲ್ಲಿ ಹನ್ನೊಂದೆಂಬ ನಿಯಮದೊಳಗೆ ಸಡಿಲಿಕೆ ಇದ್ದೇ ಇದೆ. ಬಿಗಿಯಾದುದು ಕೊನೆಯ ಹನ್ನೆರಡು ತಿಂಗಳ ನಿಯಮ. ಅದರಲ್ಲಿ, ವಿಶೇಷ ಸಂದರ್ಭಗಳಿದ್ದರೆ, ಕಾರಣವನ್ನು ಬರೆಹದಲ್ಲಿ ದಾಖಲಿಸಿ, ಹೆಚ್ಚೆಂದರೆ ಮೂವತ್ತು ದಿನಗಳನ್ನು ಕೇಂದ್ರಸರ್ಕಾರ ಮನ್ನಿಸಬಹುದೆಂದು ೨೦೧೫ರ ತಿದ್ದುಪಡಿ ಹೇಳಿತು. ಈ ದಿನಗಳು ಬಿಡಿಬಿಡಿಯಾಗಿಯೂ ಇರಬಹುದು.

ಬ್ರಿಟನ್ನಿನಲ್ಲಿ ೪೫೦ಕ್ಕೂ ೪೮೦ಕ್ಕೂ ನಡುವಣ ಅಂತರವೂ ಮೂವತ್ತೇ. ಆದರೆ ಸಾಮ್ಯ ಅಲ್ಲಿಗೇ ಮುಗಿಯುತ್ತದೆ. ಅಲ್ಲಿ ಶಾಸನ ವಿವೇಚನೆಗೆ ಮೇರೆಯಿಡದೆ ಬಿಟ್ಟಿತು, ಮೇರೆಯನ್ನು ಇಲಾಖೆ ಹಾಕಿಕೊಂಡಿತು. ಇಲ್ಲಿ ಮೇರೆಯನ್ನು ಶಾಸನವೇ ಹಾಕಿತು, ಕಾರಣವನ್ನು ಬರೆದಿಡಬೇಕೆಂದೂ ವಿಧಿಸಿತು. ಮೊದಲನೆಯದರಲ್ಲಿ ಕರುಣೆಗೆ ಹೆಚ್ಚಿನ ಎಡೆಯಿದೆ. ಎರಡನೆಯದರಲ್ಲಿ ಖಚಿತತೆಗೆ ಹೆಚ್ಚಿನ ಎಡೆಯಿದೆ. ಮೂವತ್ತೊಂದನೆಯ ದಿನ ತಾಯಿಯ ಉತ್ತರಕ್ರಿಯೆಯಲ್ಲಿ ಕಳೆದುದಾದರೂ ಭಾರತದ ಅಧಿಕಾರಿ ಅದನ್ನು ಮನ್ನಿಸಲಾರನು.

ಇಂದು ಬ್ರಿಟನ್ನಿನಲ್ಲಿ ವೈದ್ಯರಾಗಿ, ಯಂತ್ರಶಿಲ್ಪಿಗಳಾಗಿ, ಅಧ್ಯಾಪಕರಾಗಿ ನೆಲೆಸಿರುವ ಕನ್ನಡಿಗರಿಗೆ ಈ ಲೆಕ್ಕ ಬರಿಯ ಶಾಸ್ತ್ರವಿಚಾರವಲ್ಲ. ಭಾರತ ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ. ಅಲ್ಲಿಯ ಪೌರತ್ವವನ್ನು ಪಡೆದ ಕ್ಷಣವೇ ಇಲ್ಲಿಯದು ಹೋಗುತ್ತದೆ. ಊರಿನಲ್ಲಿ ಹಿರಿಯರ ಆರೈಕೆಗಾಗಿ ಕಳೆದ ದಿನಗಳೇ ಅಲ್ಲಿಯ ಖಾತೆಯಲ್ಲಿ ಮಿತಿಮೀರಿದ ದಿನಗಳಾಗಿ ನಿಲ್ಲುತ್ತವೆ.

೯

ಮೇಲಣ ವಿವೇಚನೆಯಿಂದ ಮೂರು ಅಂಶಗಳು ಹೊರಪಡುತ್ತವೆ. ಮೊದಲನೆಯದಾಗಿ, ದಿನಗಣನೆ ಅಧಿಕಾರಿಯ ಸ್ವೇಚ್ಛೆಗೆ ಒಂದು ಕಡಿವಾಣ. ಮಾರ್ಕ್ಸನ ಪ್ರಸಂಗವನ್ನು ಬಲ್ಲವರು ಸಂಖ್ಯೆಗಳನ್ನು ಹಗುರವಾಗಿ ಕಾಣಲಾರರು. ಎರಡನೆಯದಾಗಿ, ವಿವೇಚನೆಯ ಒತ್ತಾಸೆಯಿಲ್ಲದೆ ಸಂಖ್ಯೆ ನಿಲ್ಲಲಾರದು. ೧೮೧೩ರ ಕಾಯಿದೆಯ ಗತಿಯೂ ೨೦೨೨ರ ತಿದ್ದುಪಡಿಯೂ ಇದಕ್ಕೆ ಸಾಕ್ಷಿ. ಮೂರನೆಯದಾಗಿ, ವಿವೇಚನೆ ಕೊನೆಯಲ್ಲಿ ಕೇಳುವ ಪ್ರಶ್ನೆ ಎಷ್ಟು ದಿನ ಹೊರಗಿದ್ದೆ ಎಂಬುದಲ್ಲ. ಏಕೆ ಹೊರಗಿದ್ದೆ, ಮರಳಿ ಬರುವ ಮನೆ ಎಲ್ಲಿದ್ದಿತು ಎಂಬುದು. ಆದುದರಿಂದ ಮಿತಿಮೀರಿದ ದಿನಗಳನ್ನು ಮನ್ನಿಸುವುದು ನಿಯಮದ ಉಲ್ಲಂಘನೆಯಲ್ಲ. ನಿಯಮ ಯಾವ ಉದ್ದೇಶಕ್ಕಾಗಿ ಹುಟ್ಟಿತೋ ಅದರ ಪಾಲನೆ.

ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟಿಷ್ ರಾಷ್ಟ್ರೀಯ ಪತ್ರಾಗಾರದಲ್ಲಿ ಹಳೆಯ ದೇಶೀಕರಣದ ಅರ್ಜಿಗಳು ಅಧಿಕಾರಿಗಳ ಟಿಪ್ಪಣಿಗಳೊಡನೆ ಉಳಿದುಬಂದಿವೆ. ಶಾಸನದ ಅಕ್ಷರವನ್ನಲ್ಲದೆ ಅದರ ಆಚರಣೆಯನ್ನು ತಿಳಿಯಬಯಸುವ ವಿದ್ಯಾರ್ಥಿಗಳು ಅವುಗಳ ಕಡೆಗೆ ಗಮನ ಹರಿಸುವುದು ಉಚಿತ. ಇತಿಹಾಸದಲ್ಲಿ ಹೆಸರು ಪಡೆಯದ ಅನೇಕ ನಾವಿಕರು, ವರ್ತಕರು, ಮಕ್ಕಳೊಂದಿಗರು ತಮ್ಮ ಪ್ರಯಾಣಗಳಿಗೆ ಕಾರಣ ಹೇಳಿಕೊಂಡಿರುವುದು ಅಂಥ ಕಡತಗಳಲ್ಲಿಯೇ.